ವಿದೇಶದ ವ್ಯಾಪಾರ ಮಾತುಕತೆಗೆ ನಮ್ಮದೇ ದುಭಾಷಿ ಇರಲಿ

ಮಾನ್ಯ ಸಂಪಾದಕರೇ,

ಪಶ್ಚಿಮ ಆಫ್ರಿಕದಲ್ಲಿ ಗೇರುಬೀಜದ ಕೊಯ್ಲು ಫೆಬ್ರವರಿಯಿಂದ ಜೂನ್‌ವರೆಗೆ. ಅದಕ್ಕೆ ಮುಂಚೆಯೇ ಕರಾವಳಿಯ ಗೇರುಬೀಜ ಕಾರ್ಖಾನೆಯವರು ಐವರಿ ಕೋಸ್ಟಿನ ಆಬಿಜಾನ್, ಗಿನಿ ಬಿಸ್ಸಾವ್ ದೇಶದ ಬಿಸ್ಸಾವ್ ಕಡೆ ಹೊರಡುತ್ತಾರೆ. ಹಾಳೆತಟ್ಟೆ, ತೆಂಗಿನ ಉತ್ಪನ್ನ ಮಾರುವವರು ಯುರೋಪಿನ ಮೇಳಗಳಿಗೆ, ಯಂತ್ರ ಕೊಳ್ಳುವವರು ಚೀನಾದ ಗ್ವಾಂಗ್‌ಝೌಗೆ, ಅಂಗಡಿ ಅಥವಾ ಕಂಪೆನಿ ತೆರೆಯುವವರು ದುಬೈಗೆ. ಕಾಸರಗೋಡು ಜಿಲ್ಲೆಯಿಂದಲೂ ಇಂಥ ಪ್ರಯಾಣ ಈಗ ಹೊಸದಲ್ಲ. ವೀಸಾ, ಟಿಕೆಟ್, ಸ್ಯಾಂಪಲ್, ಬ್ಯಾಂಕಿನ ಪತ್ರ ಇವಕ್ಕೆಲ್ಲ ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ. ದುಭಾಷಿಯ ವಿಚಾರ ಮಾತ್ರ ವಿಮಾನ ಇಳಿದ ಮೇಲೆ ನೋಡಿಕೊಂಡರಾಯಿತು ಎಂಬ ಲೆಕ್ಕ. ದರ, ಗುಣಮಟ್ಟ, ಪಾವತಿಯ ಗಡುವು ಎಲ್ಲವೂ ಯಾರ ಬಾಯಿಯಿಂದ ದಾಟಿ ಹೋಗಬೇಕೋ ಆ ವ್ಯಕ್ತಿಯನ್ನು ಕೊನೆಗೆ ಹುಡುಕುವುದು ದೊಡ್ಡ ತಪ್ಪು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು ಅನ್ನಿಸಿದ್ದರಿಂದ ಈ ಪತ್ರ.

ನಮ್ಮದು ಸಪ್ತಭಾಷೆಗಳ ನೆಲ. ಕುಂಬಳೆ ಪೇಟೆಯ ಯಾವುದೇ ಅಂಗಡಿಯಲ್ಲಿ ಒಂದು ಗಂಟೆ ನಿಂತರೆ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆಗಳ ನಡುವೆ ಬೆಳೆದವರಿಗೆ ಮಾತು ದಾಟಿಸುವುದು ಒಂದು ಕೆಲಸ ಎಂದೇ ಅನ್ನಿಸುವುದಿಲ್ಲ. ಎರಡು ಭಾಷೆ ಬಲ್ಲ ಯಾರಾದರೂ ಆದೀತು ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದಲೇ. ಆದರೆ ಎರಡು ಭಾಷೆಯಲ್ಲಿ ಹರಟುವುದೇ ಬೇರೆ; ಇನ್ನೊಬ್ಬರು ಮೂರು ನಿಮಿಷ ಆಡಿದ್ದನ್ನು ಒಂದು ಅಂಕಿಯೂ, ಒಂದು ಷರತ್ತೂ ಬಿಡದೆ ಇನ್ನೊಂದು ಭಾಷೆಯಲ್ಲಿ ಆಗಿಂದಾಗಲೇ ಹೇಳುವುದೇ ಬೇರೆ. ಎರಡನೆಯದಕ್ಕೆ ತರಬೇತಿ ಬೇಕು, ನೋಟ್ಸ್ ತೆಗೆಯುವ ಅಭ್ಯಾಸ ಬೇಕು, ಆ ವ್ಯಾಪಾರದ ಪದಗಳು ಗೊತ್ತಿರಬೇಕು. ಓದಲು ಬಾರದ ಭಾಷೆಯ ಕಾಗದ ಮೇಜಿನ ಮೇಲೆ ಬಂದಾಗ ಮನುಷ್ಯ ಎಷ್ಟು ಅಸಹಾಯಕನಾಗುತ್ತಾನೆ ಎಂಬುದನ್ನು ಗಡಿನಾಡಿನ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಅದನ್ನು ಕಚೇರಿ ಕಚೇರಿಯಲ್ಲಿ ಕಂಡವರು ನಾವು. ವಿದೇಶದ ಮಾತುಕತೆಗೆ ನಾವಾಗಿಯೇ ಅದೇ ಸ್ಥಿತಿಯಲ್ಲಿ ಹೋಗಿ ಕೂರುವುದೇಕೆ?

ಮೊದಲಿಗೆ, ಯಾರನ್ನು ದುಭಾಷಿಯಾಗಿ ಕೂರಿಸಬಾರದು ಎಂಬುದು. ಎದುರು ಪಕ್ಷದವರು ‘ನಮ್ಮ ಆಫೀಸಿನ ಹುಡುಗ ಇಂಗ್ಲಿಷ್ ಬಲ್ಲ, ನೀವು ಚಿಂತೆ ಮಾಡಬೇಡಿ’ ಅಂದರೆ ಆ ಸೌಜನ್ಯಕ್ಕೆ ಧನ್ಯವಾದ ಹೇಳಿ, ನಿಮ್ಮ ದುಭಾಷಿಯನ್ನು ನೀವೇ ಕರೆದೊಯ್ಯಿರಿ. ಅವನ ಸಂಬಳ ಬರುವುದು ಅವರಿಂದ. ಸುಳ್ಳು ಹೇಳುತ್ತಾನೆ ಎಂದಲ್ಲ. ತನ್ನ ಯಜಮಾನನ ಮಾತಿನ ಒರಟುತನವನ್ನು ಅವನು ನಯಗೊಳಿಸುತ್ತಾನೆ, ನಿಮ್ಮ ಆಕ್ಷೇಪವನ್ನು ಮೆದುಗೊಳಿಸುತ್ತಾನೆ, ಇಕ್ಕಟ್ಟಾದ ಪ್ರಶ್ನೆಯನ್ನು ಬಿಟ್ಟೇಬಿಡುತ್ತಾನೆ. ದಲ್ಲಾಳಿಯೇ ದುಭಾಷಿಯಾದರೆ ಇನ್ನೂ ಕಷ್ಟ. ವ್ಯವಹಾರ ಕುದುರಿದರೆ ಮಾತ್ರ ಅವನಿಗೆ ಹಣ, ಹಾಗಾಗಿ ವ್ಯವಹಾರ ಮುರಿಯಬಹುದಾದ ಯಾವ ಮಾತೂ ಅವನ ಬಾಯಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಗ್ವಾಂಗ್‌ಝೌ, ಯಿವು ಪೇಟೆಗಳಲ್ಲಿ ದಿನಗೂಲಿಗೆ ಸಿಗುವ ದುಭಾಷಿಗಳಲ್ಲಿ ಕೆಲವರು ನಿಮ್ಮಿಂದ ಕೂಲಿ ಪಡೆದು ಕಾರ್ಖಾನೆಯಿಂದ ಕಮಿಷನ್ನನ್ನೂ ಪಡೆಯುತ್ತಾರೆ. ಅದು ಕೊನೆಗೆ ಸೇರುವುದು ನೀವು ಕೊಡುವ ದರದೊಳಗೇ. ಲಕ್ಷಣಗಳು ಸ್ಪಷ್ಟ: ನೀವು ಹೇಳಿದ ಕಾರ್ಖಾನೆ ‘ಇವತ್ತು ಮುಚ್ಚಿದೆ’ ಎಂದು ತಮಗೆ ಗೊತ್ತಿರುವ ಕಡೆಗೇ ಒಯ್ಯುವುದು, ವಿಸಿಟಿಂಗ್ ಕಾರ್ಡು ನೇರವಾಗಿ ಬದಲಾಯಿಸಿಕೊಳ್ಳಲು ಬಿಡದಿರುವುದು, ಐದು ನಿಮಿಷ ಅವರೊಡನೆ ಮಾತಾಡಿ ನಿಮಗೆ ‘ಆಗುವುದಿಲ್ಲವಂತೆ’ ಎಂದಷ್ಟೇ ಹೇಳುವುದು.

ಗಲ್ಫಿನಲ್ಲಿರುವ ನೆಂಟರ ವಿಚಾರ ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳಲೇಬೇಕು. ಇಪ್ಪತ್ತು ವರ್ಷ ಅಲ್ಲಿ ದುಡಿದವರ ಅರಬಿ ಪೇಟೆಯ ವ್ಯವಹಾರಕ್ಕೆ ಚೆನ್ನಾಗಿಯೇ ಸಾಕು. ದುಬೈಯ ಸಗಟು ಪೇಟೆಯಲ್ಲಿ ಹಿಂದಿ, ಮಲಯಾಳ, ಇಂಗ್ಲಿಷಿನಲ್ಲೇ ಬಹುಪಾಲು ಕೆಲಸ ಆಗಿಹೋಗುತ್ತದೆ, ಅಲ್ಲಿ ದುಭಾಷಿಯೇ ಬೇಡ. ಆದರೆ ನೋಟರಿ, ನ್ಯಾಯಾಲಯ, ಸರಕಾರಿ ಇಲಾಖೆ ಎಂದಾಗ ಲೆಕ್ಕ ಬೇರೆ. ಯುಎಇಯ ಸ್ಥಳೀಯ ನ್ಯಾಯಾಲಯಗಳ ಭಾಷೆ ಅರಬಿ. ಅಲ್ಲಿಗೆ ಕೊಡುವ ಕಾಗದದ ಅನುವಾದಕ್ಕೆ ಆ ದೇಶದ ನ್ಯಾಯ ಸಚಿವಾಲಯದ ಪರವಾನಗಿ ಇರುವ ಕಾನೂನು ಅನುವಾದಕರ ಮೊಹರು ಬೇಕು. ದುಬೈಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದ (ಡಿಐಎಫ್‌ಸಿ) ನ್ಯಾಯಾಲಯ ಇಂಗ್ಲಿಷಿನಲ್ಲಿ ನಡೆಯುತ್ತದೆ ನಿಜ, ಆದರೆ ನಿಮ್ಮ ಒಪ್ಪಂದ ಆ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಸಹಿಗೆ ಮುಂಚೆ ವಕೀಲರು ಹೇಳಬೇಕು. ನೆಂಟರು ಜೊತೆಗೆ ಇರಲಿ, ಪೇಟೆಯ ಒಳಗುಟ್ಟು ಹೇಳಲಿ. ದುಭಾಷಿಯ ಕುರ್ಚಿಯಲ್ಲಿ ಬೇರೆಯವರು ಕೂರಲಿ.

ಈಗ ಭಾಷೆಗಳ ಜೋಡಿಯ ಪ್ರಶ್ನೆ. ಕನ್ನಡಿಗರಿಗೆ ನಿಜವಾದ ತೊಡಕು ಇರುವುದು ಇಲ್ಲಿ. ಕನ್ನಡದಿಂದ ನೇರವಾಗಿ ಫ್ರೆಂಚಿಗೋ ಚೀನೀ ಭಾಷೆಗೋ ಜರ್ಮನ್ನಿಗೋ ದಾಟಿಸುವ ವೃತ್ತಿಪರ ದುಭಾಷಿ ಸಿಗುವುದು ತೀರಾ ಅಪರೂಪ. ದಾರಿ ಮೂರು. ನೀವೇ ಇಂಗ್ಲಿಷಿನಲ್ಲಿ ಸರಳವಾಗಿ ಮಾತಾಡಿ, ಇಂಗ್ಲಿಷ್–ಫ್ರೆಂಚ್ ದುಭಾಷಿಯನ್ನು ಇಟ್ಟುಕೊಳ್ಳುವುದು ಮೊದಲನೆಯದು. ಇಂಗ್ಲಿಷಿಗಿಂತ ಹಿಂದಿ ಸಲೀಸು ಎನ್ನುವವರಿಗೆ ಎರಡನೆಯದು: ಚೀನೀ, ಅರಬಿ ಭಾಷೆಗಳಿಗೆ ಹಿಂದಿಯಿಂದ ದಾಟಿಸುವವರು ಹುಡುಕಿದರೆ ಸಿಗುತ್ತಾರೆ. ಮನೆಯ ಹಿರಿಯ ಪಾಲುದಾರರಿಗೆ ಕನ್ನಡ ಬಿಟ್ಟು ಬೇರೆ ಬಾರದು, ನಿರ್ಧಾರ ಮಾತ್ರ ಅವರದೇ ಎಂದಾದರೆ ಮೂರನೆಯ ದಾರಿ: ಕನ್ನಡದಿಂದ ಇಂಗ್ಲಿಷಿಗೆ ಒಬ್ಬರು, ಇಂಗ್ಲಿಷಿನಿಂದ ಆ ಭಾಷೆಗೆ ಇನ್ನೊಬ್ಬರು. ಇದಕ್ಕೆ ರಿಲೇ ಎನ್ನುತ್ತಾರೆ. ರಿಲೇಯಲ್ಲಿ ಪ್ರತಿ ಮಾತನ್ನೂ ಮೂರು ಸಲ ಆಡಬೇಕು, ಆದ್ದರಿಂದ ಒಂದು ಗಂಟೆಯ ವಿಷಯಕ್ಕೆ ಮೂರು ಗಂಟೆ ಎತ್ತಿಡಿ. ಮೊದಲನೆಯವರ ತಪ್ಪನ್ನು ಎರಡನೆಯವರು ಕಂಡುಹಿಡಿಯಲಾರರು, ಹಾಗಾಗಿ ಕನ್ನಡ–ಇಂಗ್ಲಿಷ್ ಕೊಂಡಿಯೇ ಗಟ್ಟಿ ಇರಬೇಕು. ಅಲ್ಲಿ ಮನೆಯ ಕಾಲೇಜು ಹುಡುಗನನ್ನು ಕೂರಿಸಿ ಇನ್ನೊಂದು ತುದಿಗೆ ದುಬಾರಿ ದುಭಾಷಿಯನ್ನು ಇಟ್ಟರೆ ಹಣ ವ್ಯರ್ಥ.

ಯಾವ ಬಗೆಯ ದುಭಾಷಿಕೆ ಬೇಕು ಎಂಬುದನ್ನೂ ಮೊದಲೇ ತಿಳಿಸಬೇಕು. ನಾಲ್ಕಾರು ಜನ ಮೇಜಿನ ಸುತ್ತ ಕೂತು ದರ ಮಾತಾಡುವುದಕ್ಕೆ ಅನುಕ್ರಮ ಬಗೆಯೇ ಸರಿ: ನೀವು ಎರಡು ಮೂರು ವಾಕ್ಯ ಆಡಿ ನಿಲ್ಲಿಸುತ್ತೀರಿ, ಅವರು ದಾಟಿಸುತ್ತಾರೆ. ಸಮಯ ಇಮ್ಮಡಿ ಬೇಕು, ಆದರೆ ಯೋಚಿಸಲು ನಿಮಗೂ ಬಿಡುವು ಸಿಗುತ್ತದೆ. ಚೌಕಾಸಿ ಬಲ್ಲವರಿಗೆ ಅದೇ ಲಾಭ. ಇಪ್ಪತ್ತು ಮೂವತ್ತು ಜನರ ಸಭೆ, ಡೀಲರ್‌ಗಳ ಸಮಾವೇಶ ಎಂದರೆ ಸಮಕಾಲಿಕ ಬಗೆ. ಮಾತಾಡುತ್ತಿರುವಾಗಲೇ ಇಯರ್‌ಫೋನಿನಲ್ಲಿ ಅನುವಾದ ಬರುತ್ತದೆ, ಗಾಜಿನ ಗೂಡು ಬೇಕು, ಇಬ್ಬರು ದುಭಾಷಿಗಳು ಬೇಕು. ಇಬ್ಬರೇಕೆ ಎಂದು ಅನೇಕರು ತಕರಾರು ತೆಗೆಯುತ್ತಾರೆ. ಕೇಳುತ್ತಲೇ ಮಾತಾಡುವ ಈ ಕೆಲಸದಲ್ಲಿ 20ರಿಂದ 30 ನಿಮಿಷಕ್ಕೊಮ್ಮೆ ಸರದಿ ಬದಲಾಗಬೇಕು, ಇಲ್ಲದಿದ್ದರೆ ಮೆದುಳು ದಣಿದು ತಪ್ಪುಗಳು ಏರುತ್ತವೆ. ದಣಿದ ದುಭಾಷಿಗೆ ತನ್ನ ತಪ್ಪು ತನಗೇ ಗೊತ್ತಾಗುವುದಿಲ್ಲ ಎಂಬುದೇ ದೊಡ್ಡ ಅಪಾಯ. 1945ರಲ್ಲಿ ಶುರುವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಲ್ಕು ಭಾಷೆಗಳ ನಡುವೆ ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಾಗಲೂ ದುಭಾಷಿಗಳನ್ನು ತಂಡಗಳಾಗಿ ಸರದಿಯಲ್ಲೇ ಕೂರಿಸಿದ್ದರು. ಕೇಳುವವರು ಒಬ್ಬಿಬ್ಬರೇ ಇದ್ದರೆ ಗೂಡು ಬೇಡ, ಪಕ್ಕದಲ್ಲಿ ಕೂತು ಪಿಸುಮಾತಿನಲ್ಲಿ ಹೇಳುತ್ತಾರೆ. ಕಾರ್ಖಾನೆಯೊಳಗೆ ಯಂತ್ರಗಳ ಸದ್ದಿನ ನಡುವೆ ಪಿಸುಮಾತು ನಡೆಯದು; ಪ್ರವಾಸಿ ಗೈಡುಗಳು ಬಳಸುವ ಸಣ್ಣ ಮೈಕು, ರಿಸೀವರ್ ಸೆಟ್ಟನ್ನು ಬಾಡಿಗೆಗೆ ತರಿಸಬೇಕು.

ಇನ್ನು ಹುಡುಕುವ ಜಾಗ. ಸಮ್ಮೇಳನ ದುಭಾಷಿಗಳ ಅಂತಾರಾಷ್ಟ್ರೀಯ ಸಂಘ ಎಐಐಸಿ 1953ರಲ್ಲಿ ಹುಟ್ಟಿದ್ದು. ಅದರ ಸದಸ್ಯರ ಪಟ್ಟಿ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ, ಊರು ಮತ್ತು ಭಾಷೆ ಹಾಕಿ ಹುಡುಕಬಹುದು. ಅಲ್ಲಿ ಭಾಷೆಗಳ ಮುಂದೆ ಎ, ಬಿ, ಸಿ ಎಂದು ಇರುತ್ತದೆ. ಎ ಅಂದರೆ ತಾಯ್ನುಡಿಯ ಮಟ್ಟ. ಬಿ ಅಂದರೆ ತಾಯ್ನುಡಿಯಲ್ಲದಿದ್ದರೂ ಆ ಭಾಷೆಗೆ ದಾಟಿಸಬಲ್ಲರು. ಸಿ ಅಂದರೆ ಆ ಭಾಷೆಯನ್ನು ಅರ್ಥಮಾಡಿಕೊಂಡು ಬೇರೆಯದಕ್ಕೆ ದಾಟಿಸುತ್ತಾರೆ, ಆ ಭಾಷೆಗೆ ದಾಟಿಸುವುದಿಲ್ಲ. ವ್ಯಾಪಾರದ ಮಾತು ಎರಡೂ ಕಡೆ ಹರಿಯಬೇಕಾದ್ದರಿಂದ ಎ ಮತ್ತು ಬಿ ಇರುವವರನ್ನೇ ಆರಿಸಬೇಕು. ಇಂಗ್ಲಿಷ್ ಸಿ ಇರುವವರನ್ನು ಕರೆದರೆ ಎದುರಿನವರ ಮಾತು ಇಂಗ್ಲಿಷಿನಲ್ಲಿ ನಿಮಗೆ ಬರುತ್ತದೆಂಬ ಖಾತ್ರಿಯಿಲ್ಲ. ಬ್ರಿಟನ್ನಿನಲ್ಲಿ ಸಿಐಒಎಲ್ ಮತ್ತು ಐಟಿಐ ಎಂಬ ದುಭಾಷಿ–ಅನುವಾದಕರ ಸಂಘಗಳು, ಅಂಥವೇ ಜರ್ಮನಿಯಲ್ಲಿ ಬಿಡಿಯು, ಅಮೆರಿಕದಲ್ಲಿ ಎಟಿಎ, ಆಸ್ಟ್ರೇಲಿಯದಲ್ಲಿ ನಾಟಿ ಎಂಬ ಪ್ರಮಾಣೀಕರಣ ಸಂಸ್ಥೆ, ಹೀಗೆ ದೇಶವಾರು ಪಟ್ಟಿಗಳಿವೆ. ಬ್ರಿಟಿಷ್ ಸರಕಾರ ತನ್ನ ಪ್ರಜೆಗಳಿಗಾಗಿ ಅನೇಕ ದೇಶಗಳ ದುಭಾಷಿ, ಅನುವಾದಕರ ಪಟ್ಟಿಯನ್ನು ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಅದು ಶಿಫಾರಸು ಅಲ್ಲ, ಹೆಸರುಗಳ ಪಟ್ಟಿ ಮಾತ್ರ. ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೂ ಒಂದು ಇಮೇಲ್ ಹಾಕಿ ಕೇಳಿ.

ಆಬಿಜಾನಿಗೆ ಹೋಗುವವರಿಗೆ ಒಂದು ಅನುಕೂಲ ಇದೆ. ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ಕೇಂದ್ರ ಕಚೇರಿ ಅಲ್ಲೇ ಇರುವುದರಿಂದ ಇಂಗ್ಲಿಷ್–ಫ್ರೆಂಚ್ ವೃತ್ತಿಪರ ದುಭಾಷಿಗಳು ಆ ಊರಿನಲ್ಲಿ ನೆಲೆಸಿದ್ದಾರೆ. ಗಿನಿ ಬಿಸ್ಸಾವ್ ಕಷ್ಟದ ಜಾಗ. ಆಡಳಿತ ಭಾಷೆ ಪೋರ್ಚುಗೀಸ್, ಜನ ಆಡುವುದು ಕ್ರಿಯೋಲ್. ಅಲ್ಲಿಗೆ ಗೋವಾದಿಂದ ಪೋರ್ಚುಗೀಸ್ ಬಲ್ಲವರನ್ನು ಜೊತೆಗೆ ಒಯ್ಯುವ ಯೋಚನೆ ಮಾಡಬಹುದು, ಗೋವಾ ವಿಶ್ವವಿದ್ಯಾಲಯದಲ್ಲಿ ಆ ಭಾಷೆಯ ವಿಭಾಗವೇ ಇದೆ. ಆದರೆ ಪದವಿ ಇದ್ದ ಮಾತ್ರಕ್ಕೆ ದುಭಾಷಿಯಾಗುವುದಿಲ್ಲ. ಕೆಳಗೆ ಹೇಳುವ ಪರೀಕ್ಷೆ ಮಾಡಿಯೇ ಒಯ್ಯಿರಿ. ಇಲ್ಲಿಂದ ಕರೆದೊಯ್ಯುವ ದುಭಾಷಿಗೂ ಹಳದಿ ಜ್ವರದ ಲಸಿಕೆ ಬೇಕು, ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ವಾಪಸು ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಕೊನೆಯ ವಾರದಲ್ಲಿ ದುಭಾಷಿಯನ್ನು ಗೊತ್ತುಮಾಡಿದವರು ಸಿಕ್ಕಿಬೀಳುವುದು ಇಲ್ಲೇ.

ಪ್ರಮಾಣಪತ್ರಗಳಲ್ಲಿ ಯಾವುದು ಯಾವುದಕ್ಕೆ ಎಂದು ತಿಳಿದಿರಬೇಕು. ಚೀನಾದಲ್ಲಿ ಕ್ಯಾಟಿ ಎಂಬ ರಾಷ್ಟ್ರೀಯ ಪರೀಕ್ಷೆಯಿದೆ. ಅದರಲ್ಲಿ ಬರಹದ ಅನುವಾದಕ್ಕೂ ಮಾತಿನ ಅನುವಾದಕ್ಕೂ ಬೇರೆ ಬೇರೆ ಪತ್ರ ಕೊಡುತ್ತಾರೆ, ನೀವು ಕೇಳಬೇಕಾದ್ದು ಮಾತಿನದು. ಜಪಾನಿನ ಜೆಎಲ್‌ಪಿಟಿ ಎನ್1 ಭಾಷಾಜ್ಞಾನದ ಪರೀಕ್ಷೆ. ಅದರಲ್ಲಿ ಮಾತಾಡುವ ಭಾಗವೇ ಇಲ್ಲ. ಅಲ್ಲಿನ ಸರಕಾರಿ ಗೈಡ್–ದುಭಾಷಿ ಪರವಾನಗಿ ಪ್ರವಾಸಿಗರಿಗಾಗಿ ಇರುವಂಥದ್ದು, ಯಂತ್ರ ಖರೀದಿಯ ಮಾತುಕತೆಗೆ ಅದೊಂದೇ ಸಾಲದು. ಜರ್ಮನಿಯಲ್ಲಿ ನೋಟರಿಯ ಮುಂದೆ ಕಂಪೆನಿ ನೋಂದಾಯಿಸುವುದಿದ್ದರೆ ನ್ಯಾಯಾಲಯದಲ್ಲಿ ಪ್ರಮಾಣ ಸ್ವೀಕರಿಸಿದ ದುಭಾಷಿಗಳ ಅಧಿಕೃತ ಪಟ್ಟಿಯಿಂದಲೇ ಆರಿಸುವುದು ಕ್ಷೇಮ. ಏಜೆನ್ಸಿಯ ಮೂಲಕ ಹೋಗುವವರು ಐಎಸ್‌ಒ 18841 ಎಂಬ ದುಭಾಷಿ ಸೇವೆಯ ಮಾನದಂಡವನ್ನು ಪಾಲಿಸುತ್ತೀರಾ ಎಂದು ಕೇಳಲಿ. ಐಎಸ್‌ಒ 17100 ತೋರಿಸಿದರೆ ಅದು ಬರಹದ ಅನುವಾದದ್ದು. ಮೇಳಗಳಲ್ಲಿ ಆಯೋಜಕರು ಒದಗಿಸುವ ಸ್ಟಾಲ್ ಸಹಾಯಕರೂ ದುಭಾಷಿಗಳಲ್ಲ. ಬಂದವರನ್ನು ಸ್ವಾಗತಿಸುವುದು, ಬ್ರೋಷರ್ ಕೊಡುವುದು ಅವರ ಕೆಲಸ. ಆಹಾರೋದ್ಯಮದ ಮೇಳಗಳಾದ ಜರ್ಮನಿಯ ಕಲೋನಿನ ಅನುಗಾ ಬೆಸ ವರ್ಷಗಳ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಸಿಯಾಲ್ ಸಮ ವರ್ಷಗಳ ಅಕ್ಟೋಬರಿನಲ್ಲಿ ನಡೆಯುತ್ತವೆ, ಗ್ವಾಂಗ್‌ಝೌನ ಕ್ಯಾಂಟನ್ ಮೇಳ ವರ್ಷಕ್ಕೆರಡು ಸಲ. ಆ ವಾರಗಳಿಗೆ ಒಳ್ಳೆಯ ದುಭಾಷಿಗಳು ಎರಡು ಮೂರು ತಿಂಗಳ ಮುಂಚೆಯೇ ಗೊತ್ತಾಗಿಬಿಡುತ್ತಾರೆ.

ಹೆಸರು ಸಿಕ್ಕ ಮೇಲೆ 15 ನಿಮಿಷದ ವಿಡಿಯೊ ಕರೆ ಮಾಡಿ ಪರೀಕ್ಷಿಸಿ. ನಿಮ್ಮದೇ ಉಚ್ಚಾರಣೆಯಲ್ಲಿ, ನಿಮ್ಮದೇ ವೇಗದಲ್ಲಿ ಎರಡು ನಿಮಿಷ ಮಾತಾಡಿ. ಅದರಲ್ಲಿ ಐದು ಅಂಕಿ, ಒಂದು ದಿನಾಂಕ, ‘ಹೀಗಾದರೆ ಮಾತ್ರ’ ಎಂಬ ಒಂದು ಷರತ್ತು, ಒಂದು ನಿರಾಕರಣೆ ಇರಲಿ. ಅವರು ಅದನ್ನು ಆ ಭಾಷೆಗೆ ದಾಟಿಸಲಿ, ಆಮೇಲೆ ತಮ್ಮ ನೋಟ್ಸ್ ನೋಡಿ ನಿಮಗೆ ಇಂಗ್ಲಿಷಿನಲ್ಲಿ ತಿರುಗಿ ಹೇಳಲಿ. ಐದು ಅಂಕಿಯಲ್ಲಿ ಎರಡು ತಪ್ಪಿದರೆ ಅಥವಾ ಷರತ್ತು ಮಾಯವಾದರೆ ಅವರು ಬೇಡ. ‘ನನಗೆ ಈ ಪದ ಗೊತ್ತಿಲ್ಲ, ಏನದು?’ ಎಂದು ನಡುವೆ ಕೇಳಿದರೆ ಅದು ಒಳ್ಳೆಯ ಗುರುತು, ಗೊತ್ತಿಲ್ಲದ್ದನ್ನು ಊಹಿಸಿ ಮುಂದೆ ಹೋಗುವವರೇ ಅಪಾಯ. ಇದೇ ವಿಷಯದಲ್ಲಿ ಹಿಂದೆ ಕೆಲಸ ಮಾಡಿದ್ದೀರಾ ಎಂದು ಕೇಳಿ, ಆದರೆ ಯಾರಿಗಾಗಿ, ಏನು ದರಕ್ಕೆ ಎಂದು ಕೆದಕಬೇಡಿ. ಹಳೆಯ ಗಿರಾಕಿಯ ಗುಟ್ಟನ್ನು ನಿಮಗೆ ಹೇಳುವವರು ನಿಮ್ಮದನ್ನೂ ಮುಂದಿನವರಿಗೆ ಹೇಳುತ್ತಾರೆ.

ಒಪ್ಪಂದ ಬರಹದಲ್ಲಿರಲಿ, ಒಂದು ಪುಟ ಸಾಕು. ದಿನದ ಅಥವಾ ಅರ್ಧ ದಿನದ ಶುಲ್ಕ, ದಿನಕ್ಕೆಷ್ಟು ಗಂಟೆ, ಹೆಚ್ಚುವರಿ ಗಂಟೆಗೆ ಎಷ್ಟು, ಪ್ರಯಾಣದ ದಿನಕ್ಕೆ ಎಷ್ಟು, ಊಟ–ವಸತಿ ಯಾರದು, ಸಭೆ ರದ್ದಾದರೆ ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ಕೊಡಬೇಕು, ತೆರಿಗೆ ಸೇರಿದೆಯೇ, ಯಾವ ಕರೆನ್ಸಿ. ರಾತ್ರಿಯ ಔತಣದಲ್ಲೂ ಅವರು ಬೇಕಿದ್ದರೆ ಅದನ್ನೂ ಗಂಟೆಯ ಲೆಕ್ಕದಲ್ಲಿ ಸೇರಿಸಿ. ಎರಡು ಷರತ್ತು ಮಾತ್ರ ಬಿಡಲೇಬಾರದು: ಕೇಳಿದ್ದೆಲ್ಲವೂ ಗುಟ್ಟು, ಮತ್ತು ಎದುರು ಪಕ್ಷದಿಂದ ಯಾವ ರೂಪದಲ್ಲೂ ಕಮಿಷನ್ ಪಡೆಯುವಂತಿಲ್ಲ. ವಿದೇಶಕ್ಕೆ ಶುಲ್ಕ ಕಳಿಸುವ ಮುಂಚೆ ತೆರಿಗೆ ಕಡಿತದ ವಿಚಾರ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಇಷ್ಟಾದ ಮೇಲೂ ಅರ್ಧ ಸೋಲುವುದು ತಯಾರಿ ಕೊಡದ್ದರಿಂದ. ಕನಿಷ್ಠ ಒಂದು ವಾರ ಮುಂಚೆ ಕಾರ್ಯಸೂಚಿ, ಬರುವವರ ಹೆಸರು–ಹುದ್ದೆ, ಹಿಂದಿನ ಪತ್ರವ್ಯವಹಾರ, ಕರಡು ಒಪ್ಪಂದ, ಮತ್ತು ನಿಮ್ಮ ವ್ಯಾಪಾರದ ಪದಪಟ್ಟಿ ಅವರ ಕೈ ಸೇರಬೇಕು. ಗೇರುಬೀಜವನ್ನೇ ತೆಗೆದುಕೊಳ್ಳಿ. ಹಸಿ ಬೀಜ ಕೊಳ್ಳುವಾಗ ಇಡೀ ಮಾತು ನಿಲ್ಲುವುದು ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೋದ ಒಂದು ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬುದರ ಮೇಲೆ. 47 ಪೌಂಡ್ ಎಂದರೆ ಕಿಲೋಗೆ ಸುಮಾರು 266 ಗ್ರಾಂ ತಿರುಳು. ಒಂದು ಪೌಂಡ್ ವ್ಯತ್ಯಾಸ ಅಂದರೆ ಟನ್ನಿಗೆ 5.67 ಕಿಲೋ, 100 ಟನ್ನಿಗೆ 567 ಕಿಲೋ ತಿರುಳು. ಫ್ರೆಂಚಿನಲ್ಲಿ ಆರಕ್ಕೆ ‘ಸೀಸ್’, ಏಳಕ್ಕೆ ‘ಸೆತ್’. ಗದ್ದಲದ ಗೋದಾಮಿನಲ್ಲಿ 46 ಮತ್ತು 47 ಒಂದೇ ತರ ಕೇಳಿಸುತ್ತದೆ. ಪೋರ್ಚುಗೀಸಿನ 60 ಮತ್ತು 70 ಕೂಡ ಹೀಗೆಯೇ ಕಿವಿಯನ್ನು ಮೋಸಗೊಳಿಸುವ ಜೋಡಿ. ಔಟ್‌ಟರ್ನ್ ಜೊತೆಗೆ ತೇವಾಂಶ, ಕಿಲೋಗೆ ಬೀಜಗಳ ಎಣಿಕೆ, ಯಾವ ಔಟ್‌ಟರ್ನ್‌ಗಿಂತ ಕೆಳಗಾದರೆ ಸರಕು ತಿರಸ್ಕರಿಸಬಹುದು, ಅಳತೆ ಲೋಡಿಂಗ್ ಬಂದರಿನದೋ ಇಳಿಸುವ ಬಂದರಿನದೋ ಎಂಬ ಪದಗಳು ಪಟ್ಟಿಯಲ್ಲಿ ಇರಲೇಬೇಕು. ತಿರುಳು ಮಾರುವವರಾದರೆ ಡಬ್ಲ್ಯೂ 240, ಡಬ್ಲ್ಯೂ 320 ಎಂಬ ದರ್ಜೆ ಅಂದರೆ ಒಂದು ಪೌಂಡಿಗೆ ಎಷ್ಟು ಇಡೀ ಬೀಜ ಎಂಬ ಲೆಕ್ಕ, ಅಂಕಿ ಕಡಿಮೆಯಾದಷ್ಟೂ ಬೀಜ ದೊಡ್ಡದು ಎಂದು ದುಭಾಷಿಗೆ ಬಿಡಿಸಿ ಹೇಳಿ. ಇದು ಗೊತ್ತಿಲ್ಲದವರು 240ಕ್ಕಿಂತ 320 ಮೇಲ್ದರ್ಜೆ ಎಂದು ಭಾವಿಸಿ ವಾಕ್ಯವನ್ನೇ ತಿರುಗಿಸಿಬಿಡುತ್ತಾರೆ. ಕಾರ್ಟನ್ನು 50 ಪೌಂಡಿನದು, ಅಂದರೆ 22.68 ಕಿಲೋ. ಎಫ್‌ಒಬಿ, ಸಿಐಎಫ್ (ಸಾಗಣೆ, ವಿಮೆಯ ಖರ್ಚು ಯಾರದು ಎಂದು ಹೇಳುವ ದರದ ಪದಗಳು) ಎಂದ ಕೂಡಲೆ ಬಂದರಿನ ಹೆಸರೂ, ಆ ಪದಗಳ ಅಂತಾರಾಷ್ಟ್ರೀಯ ನಿಯಮಾವಳಿಯಾದ ಇನ್‌ಕೋಟರ್ಮ್ಸ್ 2020 ಎಂಬುದೂ ಜೊತೆಗೇ ಬರಬೇಕು. ಎಲ್‌ಸಿ, ಅಂದರೆ ಬ್ಯಾಂಕ್ ಕೊಡುವ ಪಾವತಿಯ ಖಾತರಿ ಪತ್ರ, ಎಂದಷ್ಟೇ ಹೇಳಿದರೆ ಸಾಲದು, ಅದು ದಾಖಲೆ ಕಂಡ ಕೂಡಲೆ ಪಾವತಿಯದೋ ಗಡುವಿನದೋ ಎಂಬುದೂ ಬೇಕು.

ದೊಡ್ಡ ಸಂಖ್ಯೆಗಳು ಇನ್ನೊಂದು ಹೊಂಡ. ನಮ್ಮ ಎಣಿಕೆ ಲಕ್ಷ–ಕೋಟಿಯದು. ಚೀನಾ, ಜಪಾನ್, ಕೊರಿಯಾಗಳಲ್ಲಿ ಎಣಿಕೆ ಹತ್ತು ಸಾವಿರದ ಗುಂಪಿನಲ್ಲಿ ಏರುತ್ತದೆ: ಅವರ ‘ವಾನ್’ ಅಥವಾ ‘ಮಾನ್’ ಅಂದರೆ 10 ಸಾವಿರ, ಅದರ ಮೇಲಿನ ಮೆಟ್ಟಿಲು ನಮ್ಮ 10 ಕೋಟಿ. ನಮ್ಮ ಒಂದು ಲಕ್ಷ ಅವರಿಗೆ 10 ವಾನ್, ಒಂದು ಕೋಟಿ ಅವರಿಗೆ 1,000 ವಾನ್. ನಡುವೆ ಮಿಲಿಯನ್ ಮೂಲಕ ಹಾದು ಹೋಗುವಾಗ ಒಂದು ಸೊನ್ನೆ ಕಳಚಿಬೀಳುವುದು ಬಹಳ ಸುಲಭ. ಜರ್ಮನ್ ಮತ್ತು ಅರಬಿಯಲ್ಲಿ 21 ಎನ್ನುವಾಗ ಒಂದು ಮೊದಲು, ಇಪ್ಪತ್ತು ಆಮೇಲೆ. ಜರ್ಮನ್ ‘ಬಿಲಿಯೋನ್’ ಅಂದರೆ ಲಕ್ಷ ಕೋಟಿ, ಇಂಗ್ಲಿಷಿನ ಬಿಲಿಯನ್ ಅಂದರೆ 100 ಕೋಟಿ. ಬರಹದಲ್ಲೂ ಎಚ್ಚರ ಬೇಕು. ಜರ್ಮನಿಯಲ್ಲಿ 1.500 ಎಂದರೆ ಸಾವಿರದ ಐನೂರು, 1,5 ಎಂದರೆ ಒಂದೂವರೆ. ಇದಕ್ಕೆಲ್ಲ ಒಂದೇ ಪರಿಹಾರ: ಯಾವ ಅಂಕಿಯನ್ನೂ ಬಾಯಿಮಾತಿಗೆ ಬಿಡಬೇಡಿ. ಪ್ರತಿ ಅಂಕಿಯನ್ನೂ ಸೊನ್ನೆಗಳ ಸಮೇತ ಹಾಳೆಯ ಮೇಲೆ ದೊಡ್ಡದಾಗಿ ಬರೆದು ಎದುರಿನವರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆ ಮುಂದಿನ ಮಾತು. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಕೋಣೆಯೊಳಗೆ ದುಭಾಷಿ ನಿಮ್ಮ ಪಕ್ಕದಲ್ಲಿ, ತುಸು ಹಿಂದೆ ಕೂರಲಿ. ನೀವು ಎದುರಿನವರ ಮುಖ ನೋಡಿ ಅವರಿಗೇ ಹೇಳಿ. ‘ಅವರಿಗೆ ಹೀಗೆ ಹೇಳಿ’ ಎಂದು ದುಭಾಷಿಯತ್ತ ತಿರುಗಬೇಡಿ. ದುಭಾಷಿ ‘ನಾನು’ ಎಂದಾಗ ಅದು ನೀವೇ. ಗಾದೆ, ತಮಾಷೆ, ಯಕ್ಷಗಾನದ ಉಪಮೆ ಊರಿಗೆ ಬಂದ ಮೇಲೆ ಆಗಲಿ. ಒಂದೂವರೆ ಗಂಟೆಗೊಮ್ಮೆ ಕಾಲು ಗಂಟೆ ಬಿಡುವು ಕೊಡಿ. ಊಟದ ಮೇಜಿನಲ್ಲೂ ಮಾತು ದಾಟಿಸುತ್ತಿದ್ದರೆ ಅವರಿಗೆ ತುತ್ತು ಎತ್ತಲೂ ಆಗುವುದಿಲ್ಲ, ಅವರಿಗೆ ಬೇರೆ ಹೊತ್ತಿನಲ್ಲಿ ಊಟವಾಗಲೇಬೇಕು. ಎದುರಿನವರು ಎರಡು ನಿಮಿಷ ಮಾತಾಡಿ, ನಿಮಗೆ ಒಂದೇ ವಾಕ್ಯ ಬಂದರೆ ಅಲ್ಲೇ ನಿಲ್ಲಿಸಿ: ಸಾರಾಂಶ ಬೇಡ, ಪೂರ್ತಿ ಬೇಕು. ದುಭಾಷಿ ಮತ್ತು ಎದುರಿನವರ ನಡುವೆ ನಿಮಗೆ ತಿಳಿಯದ ಮಾತು ಎರಡಕ್ಕಿಂತ ಹೆಚ್ಚು ಸಲ ಆಚೀಚೆ ಹೋದರೂ ಹಾಗೆಯೇ. ಪಾಲುದಾರರು ತಮ್ಮತಮ್ಮಲ್ಲಿ ಸಮಾಲೋಚಿಸಬೇಕಿದ್ದರೆ ಕೋಣೆಯಿಂದ ಹೊರಗೆ ಹೋಗಿ. ಹಿಂದಿಯಲ್ಲಿ, ಮಲಯಾಳದಲ್ಲಿ ಆಡಿದ್ದು ಯಾರಿಗೂ ತಿಳಿಯದು ಎಂದುಕೊಳ್ಳಬೇಡಿ. ಗಲ್ಫಿನಲ್ಲಿ ಅದು ಚಹಾ ತಂದವರಿಗೂ ತಿಳಿಯುತ್ತದೆ, ಆಬಿಜಾನಿನ ಗೇರುಬೀಜ ಪೇಟೆಯಲ್ಲೂ ಭಾರತೀಯ ವ್ಯಾಪಾರಿಗಳು ಕಡಿಮೆಯಿಲ್ಲ. ಕೊನೆಯ ಹತ್ತು ನಿಮಿಷ ಒಪ್ಪಿದ ಅಂಶಗಳನ್ನು ಒಂದೊಂದಾಗಿ ಓದಿಸಿ, ದುಭಾಷಿಯಿಂದ ಎರಡೂ ಭಾಷೆಯಲ್ಲಿ ಹೇಳಿಸಿ, ಅದೇ ದಿನ ಇಮೇಲ್ ಮಾಡಿ.

ಮೊಬೈಲ್ ಆ್ಯಪ್ ಸಾಲದೇ ಎಂದು ಕೇಳುವವರಿದ್ದಾರೆ. ಟ್ಯಾಕ್ಸಿಗೆ, ಹೋಟೆಲಿಗೆ, ಬೋರ್ಡು ಓದುವುದಕ್ಕೆ ಧಾರಾಳ ಸಾಕು. ಒಪ್ಪಂದದ ಮಾತಿಗೆ ಬೇಡ. ನಿಮ್ಮ ದರದ ಗುಟ್ಟು ಯಾವ ಸರ್ವರಿಗೆ ಹೋಗುತ್ತದೆ ಎಂಬ ಹಿಡಿತ ನಿಮಗಿಲ್ಲ, ಮತ್ತು ಅದು ತಪ್ಪು ಮಾಡಿದಾಗಲೂ ಅಷ್ಟೇ ಖಚಿತ ದನಿಯಲ್ಲಿ ಹೇಳುತ್ತದೆ. ಅರ್ಥವಾಗದಿದ್ದಾಗ ಮರುಪ್ರಶ್ನೆ ಹಾಕುವ ದುಭಾಷಿಗೂ ಅದಕ್ಕೂ ಇರುವ ಅಂತರ ಅದೇ. ವಿಡಿಯೊ ಸಭೆಯಲ್ಲಾದರೆ ಮನುಷ್ಯ ದುಭಾಷಿಯನ್ನೇ ಸೇರಿಸಬಹುದು, ಝೂಮ್‌ನ ಪಾವತಿ ಯೋಜನೆಗಳಲ್ಲಿ ಅದಕ್ಕೆಂದೇ ಬೇರೆ ಧ್ವನಿ ವಾಹಿನಿ ಇದೆ. ಸಭೆ ಕರೆದವರು ಅದನ್ನು ಮುಂಚಿತವಾಗಿ ಸೆಟ್ಟಿಂಗ್ಸಿನಲ್ಲಿ ತೆರೆದಿರಬೇಕು. ಆಬಿಜಾನಿನ ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ, ಇಲ್ಲಿ ಮಧ್ಯಾಹ್ನ ಎರಡೂವರೆ ಎಂದರೆ ಅಲ್ಲಿ ಬೆಳಗ್ಗೆ ಒಂಬತ್ತು.

ದುಭಾಷಿ ಬೇರೆ, ಅನುವಾದಕ ಬೇರೆ. ಸಭೆಯ ಕೊನೆಗೆ ಫ್ರೆಂಚ್ ಒಪ್ಪಂದವೊಂದನ್ನು ಮುಂದಿಟ್ಟು ‘ನಿಮ್ಮ ದುಭಾಷಿ ಓದಿ ಹೇಳಲಿ, ಸಹಿ ಹಾಕಿ’ ಎಂದರೆ ಹಾಕಬೇಡಿ. ಕಣ್ಣೋಟದಲ್ಲಿ ಓದಿ ಹೇಳಿದ್ದಕ್ಕೆ ಕಾನೂನಿನ ಬಲವಿಲ್ಲ, ದುಭಾಷಿ ವಕೀಲನೂ ಅಲ್ಲ. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸ್ಸಾವ್ ಸೇರಿ 17 ದೇಶಗಳಲ್ಲಿ ಒಹಾದಾ ಎಂಬ ಏಕರೂಪದ ವ್ಯಾಪಾರ ಕಾನೂನು ಜಾರಿಯಲ್ಲಿದೆ, ಅದನ್ನು ಬಲ್ಲ ವಕೀಲರ ಕಣ್ಣಿಗೆ ಕಾಗದ ಬೀಳಬೇಕು. ಎರಡು ಭಾಷೆಯ ಒಪ್ಪಂದವಾದರೆ ಭಿನ್ನತೆ ಬಂದಾಗ ಯಾವ ಭಾಷೆಯ ಪಾಠ ಊರ್ಜಿತ ಎಂಬ ವಾಕ್ಯ ಅದರಲ್ಲೇ ಇರಬೇಕು.

ಇದೆಲ್ಲ ಸಣ್ಣ ವ್ಯಾಪಾರಿಗೆ ದುಬಾರಿ ಎಂಬುದನ್ನು ಒಪ್ಪುತ್ತೇವೆ. ಅದಕ್ಕಾಗಿಯೇ ಕಾಸರಗೋಡು, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯದ ವ್ಯಾಪಾರಿ ಸಂಘಟನೆಗಳಿಗೂ, ಗೇರುಬೀಜ, ತೆಂಗು, ಹಾಳೆತಟ್ಟೆ ಉದ್ಯಮಿಗಳಿಗೂ ಒಂದು ವಿನಂತಿ. ಒಂದೇ ಮೇಳಕ್ಕೆ ಹೋಗುವ ನಾಲ್ಕು ಜನ ಬೇರೆ ಬೇರೆ ಸರಕಿನವರಾದರೆ ಒಬ್ಬ ದುಭಾಷಿಯ ದಿನವನ್ನು ಹಂಚಿಕೊಳ್ಳಬಹುದು. ಒಂದೇ ಸರಕಿನ ಪೈಪೋಟಿಯವರು ಹಂಚಿಕೊಳ್ಳಬಾರದು. ಹೋಗಿ ಬಂದವರ ಅನುಭವವನ್ನು ಸೇರಿಸಿ ಒಂದು ಪಟ್ಟಿ ಇಡಿ. ದುಭಾಷಿಯ ಊರು, ಭಾಷಾ ಜೋಡಿ, ಯಾವ ಸರಕಿನ ಮಾತು ಬಲ್ಲರು, ಪ್ರಮಾಣಪತ್ರ, ಆಗ ಕೊಟ್ಟ ಶುಲ್ಕ, ಮತ್ತೆ ಕರೆಯುತ್ತೀರಾ ಎಂಬ ಪ್ರಶ್ನೆಗೆ ಹೌದು–ಅಲ್ಲ, ಇಷ್ಟು ಕಲಮು ಸಾಕು. ಹೆಸರು ಸೇರಿಸುವ ಮುಂಚೆ ಆ ದುಭಾಷಿಯ ಒಪ್ಪಿಗೆ ಪಡೆಯಿರಿ. ಗೇರುಬೀಜದ, ಹಾಳೆತಟ್ಟೆಯ ಪದಪಟ್ಟಿಯನ್ನು ಕನ್ನಡ, ಇಂಗ್ಲಿಷ್, ಫ್ರೆಂಚ್, ಜರ್ಮನ್ ನಾಲ್ಕರಲ್ಲೂ ಒಮ್ಮೆ ಸರಿಯಾಗಿ ಮಾಡಿಸಿಟ್ಟರೆ ಮುಂದಿನ ಹಂಗಾಮಿಗೆ ಹೋಗುವವರು ಅದನ್ನೇ ದುಭಾಷಿಗೆ ಕಳಿಸಬಹುದು. ಹಂಗಾಮು ಫೆಬ್ರವರಿಯಲ್ಲಿ ಶುರುವಾಗುವುದರಿಂದ ನವೆಂಬರ್ ಒಳಗೆ ಪಟ್ಟಿ ಸಿದ್ಧವಾಗಬೇಕು.

ಇತಿ,
ದುಭಾಷಿ ವೃತ್ತಿ ಮತ್ತು ರಫ್ತು ವಹಿವಾಟಿನಲ್ಲಿರುವ ಕೆಲವು ಓದುಗರು,
ಬದಿಯಡ್ಕ, ಕಾಸರಗೋಡು ಜಿಲ್ಲೆ